ಒಂದು ಸರದಿ ತಡವಾದ ಸರಿ ನಡೆಗಳು: ದೂರದಿಂದ ಆಡಿದ ಶೋಗಿ ಆಟವೊಂದರ ಪೋಸ್ಟ್‌ಮಾರ್ಟಂ

ಶೋಗಿಯಲ್ಲಿ, ಅಂದರೆ ಜಪಾನಿನ ಚೆಸ್ಸಿನಲ್ಲಿ, ಸೋತವರನ್ನು ಎಲ್ಲಿ ಎಡವಿದಿರಿ ಅಂತ ಕೇಳಿ ನೋಡಿ. ಹೆಚ್ಚಿನವರು ಆಟದ ಕೊನೆಯ ಭಾಗದ ಯಾವುದೋ ಒಂದು ನಡೆಯನ್ನು ತೋರಿಸುತ್ತಾರೆ. ನೋವು ಅಲ್ಲೇ ಆಗಿರುತ್ತದೆ, ಹಾಗಾಗಿ ಬೆರಳು ಅಲ್ಲಿಗೇ ಹೋಗುತ್ತದೆ. ಆಟವನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚಿದರೆ ಕಾಣುವುದು ಬೇರೆಯೇ. ಹವ್ಯಾಸಿಗಳ ಆಟಗಳಲ್ಲಿ ತಪ್ಪು ನಡೆಗಿಂತ ಜಾಸ್ತಿ ಸಿಗುವುದು ತಡವಾದ ನಡೆ. ನಡೆ ಸರಿಯೇ ಇರುತ್ತದೆ, ಆದರೆ ಒಂದು ಸರದಿ ಮೊದಲೇ ಬರಬೇಕಿತ್ತು.

ಇದನ್ನು ತೋರಿಸಲು ದೂರದಿಂದ ಆಡುವ ಆಟ, ಅಂದರೆ ಒಂದು ನಡೆಗೆ ದಿನಗಟ್ಟಲೆ ಸಮಯ ಇರುವ ಆಟ, ತುಂಬಾ ಒಳ್ಳೆಯದು. ಹಿಂದೆ ಇಂಥ ಆಟಗಳು ಅಂಚೆ ಕಾರ್ಡಿನಲ್ಲಿ ನಡೆಯುತ್ತಿದ್ದವು. ಈಗ ಲಿಶೋಗಿಯಂಥ ತಾಣಗಳಲ್ಲಿ ನಡೆಯುತ್ತವೆ. ಬೆಳಿಗ್ಗೆ ಒಂದು ನಡೆ ಆಡಿ ಕೆಲಸಕ್ಕೆ ಹೋದರೆ, ಉತ್ತರ ನಾಳಿದ್ದು ಬರಬಹುದು. ಇಲ್ಲಿ "ಟೈಮ್ ಇರಲಿಲ್ಲ" ಅನ್ನುವ ನೆಪಕ್ಕೆ ಜಾಗವೇ ಇಲ್ಲ. ಗಡಿಯಾರದ ಗಡಿಬಿಡಿಯಲ್ಲಿ ಆದ ತಪ್ಪು ನಮಗೆ ಏನನ್ನೂ ಕಲಿಸುವುದಿಲ್ಲ. ಎರಡು ದಿನ ಯೋಚಿಸಿ ಮಾಡಿದ ತಪ್ಪು ನಾವು ಹೇಗೆ ಯೋಚಿಸುತ್ತೇವೆ ಎಂಬುದನ್ನೇ ಬಯಲು ಮಾಡುತ್ತದೆ.

ಶೋಗಿ ಗೊತ್ತಿಲ್ಲದವರಿಗೆ ಎರಡು ಮಾತು. 9 ಮನೆ ಉದ್ದ, 9 ಮನೆ ಅಗಲದ ಹಲಗೆ. ಒಬ್ಬೊಬ್ಬರಿಗೆ 20 ಕಾಯಿ: ಒಂದು ರಾಜ, ಒಂದು ಆನೆ, ಒಂದು ಒಂಟೆ, ಎರಡು ಚಿನ್ನ, ಎರಡು ಬೆಳ್ಳಿ, ಎರಡು ಕುದುರೆ, ಎರಡು ಈಟಿ, ಒಂಬತ್ತು ಕಾಲಾಳು. ಆನೆ, ಒಂಟೆ ನಮ್ಮ ಚೆಸ್ಸಿನಲ್ಲಿ ನಡೆದ ಹಾಗೇ ನಡೆಯುತ್ತವೆ. ಕುದುರೆ ಮುಂದಕ್ಕೆ ಮಾತ್ರ ಹಾರುತ್ತದೆ. ಈಟಿ ನೇರ ಮುಂದಕ್ಕೆ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಕಾಲಾಳು ಎದುರಿಗಿದ್ದದ್ದನ್ನು ನೇರವಾಗಿಯೇ ತಿನ್ನುತ್ತದೆ, ಓರೆಯಾಗಿ ಅಲ್ಲ. ಎದುರಾಳಿಯ ಕಡೆಯ ಮೂರು ಅಡ್ಡಸಾಲು ಮುಟ್ಟಿದರೆ ಬಡ್ತಿ.

ಚಿನ್ನ ಮತ್ತು ಬೆಳ್ಳಿ ಕೂಡ ಚೆಸ್ಸಿನವರಿಗೆ ಹೊಸವು. ಎರಡೂ ಒಂದೊಂದೇ ಮನೆ ನಡೆಯುತ್ತವೆ. ಚಿನ್ನಕ್ಕೆ ಹಿಂದಿನ ಎರಡು ಮೂಲೆ ಬಿಟ್ಟು ಉಳಿದ ಆರೂ ದಿಕ್ಕು ತೆರೆದಿವೆ. ಬೆಳ್ಳಿಗೆ ನೇರ ಮುಂದೆ ಒಂದು, ನಾಲ್ಕು ಮೂಲೆ ನಾಲ್ಕು, ಒಟ್ಟು ಐದು. ಈ ಐದು ಮನೆಯ ನಡಿಗೆ ನಮ್ಮ ನಾಡಿಗೆ ಹೊಸತೇನಲ್ಲ. 11ನೇ ಶತಮಾನದಲ್ಲಿ ಅಲ್ ಬಿರೂನಿ ಭಾರತದ ಚದುರಂಗದ ಬಗ್ಗೆ ಬರೆದಾಗ ಆನೆ ಹೀಗೇ ನಡೆಯುತ್ತದೆ ಎಂದಿದ್ದಾನೆ. ನಾಲ್ಕು ಮೂಲೆ ನಾಲ್ಕು ಕಾಲು, ಮುಂದಿನ ಮನೆ ಸೊಂಡಿಲು. ಬೆಳ್ಳಿಯ ನಡಿಗೆ ಮರೆತುಹೋದಾಗ ಆ ಸೊಂಡಿಲನ್ನು ನೆನೆಸಿಕೊಂಡರೆ ಸಾಕು.

ಶೋಗಿಯನ್ನು ಶೋಗಿ ಮಾಡುವ ನಿಯಮ ಇನ್ನೊಂದಿದೆ. ತಿಂದ ಕಾಯಿ ನಿಮ್ಮ ಕೈಗೆ ಬರುತ್ತದೆ. ಮುಂದೆ ಯಾವ ಸರದಿಯಲ್ಲಾದರೂ ಅದನ್ನು ನಿಮ್ಮದೇ ಕಾಯಿಯಾಗಿ ಖಾಲಿ ಮನೆಯಲ್ಲಿ ಇಳಿಸಬಹುದು. ಹಾಗಾಗಿ 40 ಕಾಯಿಗಳೂ ಕೊನೆಯವರೆಗೆ ಆಟದಲ್ಲೇ ಇರುತ್ತವೆ. ಚೆಸ್ಸಿನಲ್ಲಿ ಒಂದು ಸರದಿಗೆ ಸರಾಸರಿ 35 ನಡೆಗಳ ಆಯ್ಕೆ ಇರುತ್ತದೆ ಅನ್ನುತ್ತಾರೆ. ಶೋಗಿಯಲ್ಲಿ ಅದು 80ರ ಆಸುಪಾಸು. ಚೆಸ್ ಆಟ ಮುಂದುವರಿದಂತೆ ಹಲಗೆ ಬರಿದಾಗುತ್ತಾ, ಸರಳವಾಗುತ್ತಾ ಹೋಗುತ್ತದೆ. ಶೋಗಿ ಹಾಗಲ್ಲ, ಹೋದಷ್ಟೂ ಬಿಸಿಯಾಗುತ್ತದೆ. ಆದ್ದರಿಂದಲೇ ಇಲ್ಲಿ ಒಂದು ಸರದಿಯ ಬೆಲೆ ಅಷ್ಟು ಜಾಸ್ತಿ.

ನಡೆ ಬರೆಯುವ ರೀತಿ ಹೀಗೆ. ಮೊದಲು ಆಡುವವರು ಸೆಂತೆ, ಆಮೇಲೆ ಆಡುವವರು ಗೋತೆ. ಸೆಂತೆ ಕುಳಿತ ಕಡೆಯಿಂದ ನೋಡಿದಾಗ ಉದ್ದಸಾಲುಗಳಿಗೆ ಬಲದಿಂದ ಎಡಕ್ಕೆ 1ರಿಂದ 9, ಅಡ್ಡಸಾಲುಗಳಿಗೆ ಮೇಲಿನಿಂದ ಕೆಳಕ್ಕೆ 1ರಿಂದ 9. 7-6 ಅಂದರೆ ಏಳನೇ ಉದ್ದಸಾಲು, ಆರನೇ ಅಡ್ಡಸಾಲು. ಪಕ್ಕದಲ್ಲಿ ಒಂದು ಹಲಗೆ, ಇಲ್ಲವೇ ಮೊಬೈಲಿನಲ್ಲಿ ಲಿಶೋಗಿಯ ಅನಾಲಿಸಿಸ್ ಬೋರ್ಡ್ ತೆರೆದಿಟ್ಟುಕೊಂಡು ಓದಿದರೆ ಸುಲಭ.

ಮುಂದಿನ ಆಟ ವಿವರಿಸಲೆಂದೇ ನಾನು ಜೋಡಿಸಿದ್ದು. ಇಬ್ಬರು ಸಾಧಾರಣ ಆಟಗಾರರು ದೂರದಿಂದ ಆಡಿದರೆ ಹೇಗಿರುತ್ತದೋ ಹಾಗೆ. ಮೊದಲ 27 ನಡೆಗಳಲ್ಲಿ ಯಾರೂ ಬೆಚ್ಚಿಬೀಳುವಂಥದ್ದು ಏನಿಲ್ಲ.

1. 7-6 ಕಾಲಾಳು, 2. 3-4 ಕಾಲಾಳು, 3. 2-6 ಕಾಲಾಳು, 4. 4-4 ಕಾಲಾಳು. ಈ ನಾಲ್ಕನೇ ನಡೆಯಿಂದ ಗೋತೆ ತನ್ನ ಒಂಟೆಯ ದಾರಿಯನ್ನು ತಾನೇ ಮುಚ್ಚಿಕೊಂಡಿತು. 5. 4-8 ಬೆಳ್ಳಿ, 6. 4-2 ಆನೆ. ಗೋತೆಯ ಆನೆ ತನ್ನ ಮನೆ ಬಿಟ್ಟು ನಾಲ್ಕನೇ ಸಾಲಿಗೆ ಬಂತು. ಇದು ಹವ್ಯಾಸಿಗಳ ಅಚ್ಚುಮೆಚ್ಚಿನ ಶಿಕೆನ್‌ಬಿಶಾ. 7. 6-8 ರಾಜ, 8. 6-2 ರಾಜ, 9. 7-8 ರಾಜ, 10. 7-2 ರಾಜ, 11. 5-6 ಕಾಲಾಳು, 12. 8-2 ರಾಜ, 13. 5-8 ಚಿನ್ನ (4-9ರಿಂದ), 14. 7-2 ಬೆಳ್ಳಿ. 15. 2-5 ಕಾಲಾಳು, 16. 3-3 ಒಂಟೆ. 17. 9-6 ಕಾಲಾಳು, 18. 9-4 ಕಾಲಾಳು. ಅಂಚಿನ ಈ ಎರಡು ನಡೆಗಳನ್ನು ಒಂದು ಕಡೆ ಗುರುತು ಹಾಕಿಟ್ಟುಕೊಳ್ಳಿ. 19. 3-6 ಕಾಲಾಳು, 20. 3-2 ಬೆಳ್ಳಿ, 21. 6-8 ಬೆಳ್ಳಿ (7-9ರಿಂದ), 22. 5-2 ಚಿನ್ನ (4-1ರಿಂದ). 8-2ರಲ್ಲಿ ರಾಜ, 7-2ರಲ್ಲಿ ಬೆಳ್ಳಿ, 6-1 ಮತ್ತು 5-2ರಲ್ಲಿ ಚಿನ್ನ. ಗೋತೆಯ ಮಿನೋ ಕೋಟೆ ತಯಾರು. 23. 3-7 ಬೆಳ್ಳಿ, 24. 4-3 ಬೆಳ್ಳಿ, 25. 2-6 ಬೆಳ್ಳಿ, 26. 6-4 ಕಾಲಾಳು, 27. 3-5 ಕಾಲಾಳು.

ಸೆಂತೆಯ ಯೋಜನೆ ಬಚ್ಚಿಟ್ಟದ್ದಲ್ಲ. ಬೆಳ್ಳಿಯನ್ನು ಆನೆಯ ಮುಂದೆ ಏರಿಸಿ ಬಲಗಡೆ ಗೋಡೆ ಒಡೆಯುವುದು. ಇದಕ್ಕೆ ಬೋಗಿನ್ ಅನ್ನುತ್ತಾರೆ. ಹೊಸಬರು ಮೊದಲು ಕಲಿಯುವ ದಾಳಿಗಳಲ್ಲಿ ಇದೂ ಒಂದು.

28ರಲ್ಲಿ ಗೋತೆ ಆ ಕಾಲಾಳನ್ನು ತಿಂದಿತು: 3-5 ಕಾಲಾಳು. 29ರಲ್ಲಿ ಸೆಂತೆಯ ಬೆಳ್ಳಿ ಅದನ್ನು ತಿಂದು 3-5ಕ್ಕೆ ಬಂತು. 30ರಲ್ಲಿ ಗೋತೆ ಆನೆಯನ್ನು 3-2ಕ್ಕೆ ತಂದಿತು.

ಗೋತೆಯನ್ನು ಕೇಳಿದರೆ 30ನೇ ನಡೆಯ ಬಗ್ಗೆ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು. ಶಿಕೆನ್‌ಬಿಶಾ ಆಡುವವರಿಗೆ ಹೇಳಿಕೊಡುವ ಮೊದಲ ಪಾಠವೇ ಅದು: ಜಗಳ ಯಾವ ಸಾಲಿನಲ್ಲಿ ಶುರುವಾಯಿತೋ ಆ ಸಾಲಿಗೆ ಆನೆ ತನ್ನಿ. ತಂದಿತಲ್ವಾ? ತಂದಿತು. ಆದರೆ 28ರಲ್ಲೇ ತರಬೇಕಿತ್ತು.

ವ್ಯತ್ಯಾಸ ಏನು ಅಂತ ಹಲಗೆಯ ಮೇಲೆ ನೋಡೋಣ. 28ರಲ್ಲಿ ತಿನ್ನದೆ ನೇರವಾಗಿ 3-2 ಆನೆ ಆಡಿದ್ದರೆ, ಸೆಂತೆ 3-4ರ ಕಾಲಾಳನ್ನು ತಿನ್ನುತ್ತಿತ್ತು. ಗೋತೆಯ ಬೆಳ್ಳಿ 4-3ರಿಂದ 3-4ಕ್ಕೆ ಏರಿ ಅದನ್ನು ವಾಪಸ್ ತಿನ್ನುತ್ತಿತ್ತು. ಆಗ ಮೂರನೇ ಸಾಲಿನಲ್ಲಿ ಗೋತೆಯ ಬೆಳ್ಳಿ, ಒಂಟೆ, ಆನೆ ಒಂದರ ಹಿಂದೆ ಒಂದು ನಿಂತಿರುತ್ತವೆ. ಸೆಂತೆಯ ಬೆಳ್ಳಿ ಇನ್ನೂ 2-6ರಲ್ಲೇ ಇರುತ್ತದೆ. ಅಂದರೆ ಅಲ್ಲಿ ಏರಿ ಬಂದದ್ದು ಗೋತೆಯ ಬೆಳ್ಳಿ. ಆಟದಲ್ಲಿ ನಡೆದದ್ದು ಇದರ ಉಲ್ಟಾ. ಗೋತೆ ಮೊದಲು ತಿಂದದ್ದರಿಂದ ಸೆಂತೆಯ ಬೆಳ್ಳಿಗೆ 3-5ರವರೆಗೆ ಪುಕ್ಕಟೆ ಸವಾರಿ ಸಿಕ್ಕಿತು. ಅದರ ಕೈಗೆ ಒಂದು ಕಾಲಾಳೂ ಬಂತು. ಎರಡೂ ದಾರಿಯಲ್ಲಿ ಆನೆ ಬಂದು ನಿಲ್ಲುವ ಮನೆ 3-2ನೇ. ಅದು ತಲುಪುವ ಹೊತ್ತಿಗೆ ಅಲ್ಲಿ ಕಾದಿದ್ದ ಜಗಳ ಮಾತ್ರ ಒಂದೇ ಅಲ್ಲ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನು ಮುಚ್ಚಿಹಾಕುವುದು ಹವ್ಯಾಸಿ ಆಟಗಳ ಮಾಮೂಲಿ ಚಾಳಿ. 31ರಲ್ಲಿ ಸೆಂತೆ 2-4 ಕಾಲಾಳು ಆಡಿತು. ನೋಡಿದರೆ ಸಹಜ ನಡೆ. ಗೋಡೆ ಒಡೆಯುವುದೇ ಗುರಿ, ಒಡೆಯೋಣ. 32ರಲ್ಲಿ ಗೋತೆ ಕಾಲಾಳಿನಿಂದ ತಿಂದಿತು. 33ರಲ್ಲಿ ಬೆಳ್ಳಿ ಅದನ್ನು ತಿಂದು 2-4ಕ್ಕೆ ಬಂತು. 34ರಲ್ಲಿ ಗೋತೆ 4-5 ಕಾಲಾಳು ಆಡಿ ತನ್ನ ಒಂಟೆಯ ದಾರಿ ತೆರೆಯಿತು. 35ರಲ್ಲಿ ಸೆಂತೆಯ ಒಂಟೆ 3-3ರ ಒಂಟೆಯನ್ನು ತಿಂದು ಬಡ್ತಿ ಪಡೆಯಿತು. 36ರಲ್ಲಿ ಕುದುರೆ ಅದನ್ನು ತಿಂದಿತು. 37ರಲ್ಲಿ ಬೆಳ್ಳಿ 2-3ಕ್ಕೆ ನುಗ್ಗಿ ಬಡ್ತಿ ಪಡೆದು (ಇನ್ನು ಅದು ಚಿನ್ನದ ಹಾಗೆ ನಡೆಯುತ್ತದೆ) ಆನೆಯ ಮೇಲೆ ಬಿತ್ತು. 38ರಲ್ಲಿ ಆನೆ 4-2ಕ್ಕೆ ಓಡಿತು. 39ರಲ್ಲಿ ಅದೇ ಬೆಳ್ಳಿ 3-3ರ ಕುದುರೆಯನ್ನು ತಿಂದು ಮತ್ತೆ ಆನೆಯ ಮೇಲೆ ಬಿತ್ತು. ಆ ಕಡೆ ಗೋತೆಯ ಗೋಡೆ ಅನ್ನುವುದು ಇನ್ನು ಇಲ್ಲ. ಎರಡನೇ ಸಾಲು ಖಾಲಿ, ಸೆಂತೆಯ ಆನೆಗೆ 2-1ರವರೆಗೆ ರಾಜಮಾರ್ಗ.

34ನೇ ನಡೆಯನ್ನು ನೋಡಿ. 4-5 ಕಾಲಾಳು ಶಿಕೆನ್‌ಬಿಶಾದವರ ಕೈಯಲ್ಲಿರುವ ಅತಿ ದೊಡ್ಡ ಅಸ್ತ್ರ. ಮುಚ್ಚಿದ ಒಂಟೆಯ ದಾರಿಯನ್ನು ಸರಿಯಾದ ಗಳಿಗೆಯಲ್ಲಿ ತೆರೆದು ಇಡೀ ಹಲಗೆಯನ್ನು ಅಲುಗಾಡಿಸುವುದು. 34ರಲ್ಲಿ ಅದು ಏನೂ ಮಾಡಲಿಲ್ಲ. 32ರಲ್ಲಿ ಆಡಿದ್ದರೆ?

ಆಗ ಸೆಂತೆಯ ಬೆಳ್ಳಿ ಇನ್ನೂ 3-5ರಲ್ಲಿದೆ, ಅದಕ್ಕೆ ಕಾವಲಿಲ್ಲ. ಮೂರನೇ ಸಾಲಿನಲ್ಲಿ ಗೋತೆಯ ಆನೆಗೂ ಆ ಬೆಳ್ಳಿಗೂ ನಡುವೆ ಇರುವುದು ಗೋತೆಯದೇ ಒಂಟೆ. ಸೆಂತೆ ಒಂಟೆಯಿಂದ ಒಂಟೆ ತಿಂದರೆ, ಗೋತೆ ಕುದುರೆಯಿಂದಲ್ಲ, ಆನೆಯಿಂದ ತಿನ್ನುತ್ತದೆ. ಆನೆ 3-3ಕ್ಕೆ ಬಂದು ಬೆಳ್ಳಿಯನ್ನು ದಿಟ್ಟಿಸುತ್ತದೆ. ಸೆಂತೆ ಅದನ್ನು ಲೆಕ್ಕಿಸದೆ 2-3ಕ್ಕೆ ಕಾಲಾಳು ನುಗ್ಗಿಸಿದರೆ ಆನೆ 3-5ರ ಬೆಳ್ಳಿಯನ್ನು ನುಂಗಿ, ಮುಂದೆ 3-9ರಲ್ಲಿ ಬಡ್ತಿ ಪಡೆಯುವ ಬೆದರಿಕೆ ಹಾಕುತ್ತದೆ. ಸೆಂತೆಗೆ ಬೇರೆ ಉತ್ತರಗಳೂ ಇವೆ, 6-6 ಕಾಲಾಳು ಆಡಿ ಒಂಟೆಯ ದಾರಿಯನ್ನು ತನ್ನ ಕಡೆಯಿಂದ ಮುಚ್ಚಬಹುದು. ಆದರೆ ಒಂದಂತೂ ಖರೆ: ಆಟಕ್ಕೆ ಮತ್ತೆ ಜೀವ ಬರುತ್ತದೆ.

ಇಲ್ಲೊಂದು ಸಣ್ಣ ಚೋದ್ಯ ಇದೆ. 32ರಲ್ಲಿ 4-5 ಕಾಲಾಳು ಬಂದರೆ ಸೆಂತೆಗೆ ಮೊದಲು ಹೊಳೆಯುವುದು 4-4ರಲ್ಲಿ ಒಂದು ಕಾಲಾಳು ಇಳಿಸಿ ದಾರಿ ಮುಚ್ಚುವುದು. ಕೈಯಲ್ಲಿ ಕಾಲಾಳು ಇದೆ, ಮನೆ ಖಾಲಿ ಇದೆ. ಆದರೂ ಆಗುವುದಿಲ್ಲ. ಒಂದೇ ಉದ್ದಸಾಲಿನಲ್ಲಿ ಒಬ್ಬರ ಬಡ್ತಿಯಿಲ್ಲದ ಎರಡು ಕಾಲಾಳುಗಳು ಇರುವಂತಿಲ್ಲ. ಈ ನಿಯಮದ ಹೆಸರು ನಿಫು. 4-7ರಲ್ಲಿ ಸೆಂತೆಯ ಕಾಲಾಳು ಮೊದಲ ದಿನದಿಂದ ಸುಮ್ನೆ ಕೂತಿದೆ, ಅಷ್ಟೇ. ಕಂಪ್ಯೂಟರ್ ಇಂಥ ನಡೆಯನ್ನು ಆಡಲು ಬಿಡುವುದಿಲ್ಲ. ಎದುರಾಬದುರು ಕೂತು ಆಡುವಾಗ ಜಪಾನಿನ ವೃತ್ತಿಪರರೂ ನಿಫು ಮಾಡಿ ಅಲ್ಲೇ ಸೋತದ್ದಿದೆ.

ಹಾಗಾದರೆ 31ರಲ್ಲಿ ಸೆಂತೆ ಏನು ಆಡಬೇಕಿತ್ತು? ನನ್ನ ಲೆಕ್ಕದಲ್ಲಿ, ಕೈಯಲ್ಲಿದ್ದ ಒಂದೇ ಕಾಲಾಳನ್ನು 3-4ರಲ್ಲಿ ಇಳಿಸಬೇಕಿತ್ತು. ಒಡೆಯುವ ಮೊದಲು ಬೀಗ ಹಾಕಬೇಕು. ಆ ಕಾಲಾಳು ಗೋತೆಯ ಒಂಟೆಯನ್ನು ಬೆದರಿಸುತ್ತದೆ, ಮೂರನೇ ಸಾಲಿನಲ್ಲಿ ಆನೆಯ ಕಣ್ಣನ್ನು ಮುಚ್ಚುತ್ತದೆ, ಆದ್ದರಿಂದ 3-5ರ ಬೆಳ್ಳಿಗೆ ಭಯವಿಲ್ಲ. ಗೋತೆ 4-5 ಕಾಲಾಳು ಎಂದರೆ ಸೆಂತೆ ಒಂಟೆಯನ್ನು ತಿಂದು ಮುಂದೆ ಹೋಗುತ್ತದೆ. ಗೋತೆ ಬೆಳ್ಳಿಯಿಂದ ಆ ಕಾಲಾಳನ್ನು ತಿಂದರೆ ಸೆಂತೆಯ ಬೆಳ್ಳಿ ಅದನ್ನು ತಿನ್ನುತ್ತದೆ, ಒಂದು ಕಾಲಾಳಿಗೆ ಒಂದು ಬೆಳ್ಳಿ ಲಾಭ. ಒಂಟೆ 2-2ಕ್ಕೆ ಹಿಂದೆ ಸರಿದರೆ, ಆಗ ಬರಲಿ 2-4 ಕಾಲಾಳು. ಮತ್ತೆ ಅದೇ ಪಾಠ. 2-4 ಕಾಲಾಳು ಕೆಟ್ಟ ನಡೆಯಲ್ಲ. ಸೆಂತೆ ಅದನ್ನು ಒಂದು ಸರದಿ ಬೇಗ ಆಡಿತು. ಗೋತೆ ಎರಡು ಸಲ ತಡ ಮಾಡಿತು, ಸೆಂತೆ ಒಂದು ಸಲ ಅವಸರ ಮಾಡಿತು. ಸದ್ಯಕ್ಕೆ ಒಂದು ಅವಸರ ಎರಡು ತಡಗಳ ಎದುರು ಗೆದ್ದಿತು.

ದಿನಗಟ್ಟಲೆ ಯೋಚಿಸಿದವರು ಹೀಗೇಕೆ ಆಡುತ್ತಾರೆ? ಸಮಯ ಜಾಸ್ತಿ ಇದ್ದದ್ದೇ ಒಂದು ಕಾರಣ ಅನ್ನಿಸುತ್ತದೆ ನನಗೆ. ಎದುರು ಕೂತು ಆಡುವಾಗ ಒಂದು ಯೋಚನೆಯ ಎಳೆ ತಲೆಯಲ್ಲಿ ಉಳಿದಿರುತ್ತದೆ. "ಬೆಳ್ಳಿ ಬಂದರೆ ಆನೆ ತರುತ್ತೇನೆ, ಅವನು ಒಡೆದರೆ ಒಂಟೆ ತೆರೆಯುತ್ತೇನೆ." ದೂರದ ಆಟದಲ್ಲಿ ನಡೆಯಿಂದ ನಡೆಗೆ ಮೂರು ದಿನ ಕಳೆದಿರುತ್ತದೆ. ಮೊಬೈಲ್ ತೆರೆದಾಗ ಕಾಣುವುದು ಹೊಸ ಒಗಟು. ಎದುರಾಳಿ ಕಾಲಾಳು ಮುಂದೆ ತಂದಿದ್ದಾನೆ, ತಿನ್ನಬಹುದು, ತಿನ್ನೋಣ. ಪ್ರತಿ ನಡೆಯೂ ಹಿಂದಿನ ನಡೆಗೆ ಮಾತ್ರ ಉತ್ತರವಾಗುತ್ತದೆ. ಯೋಜನೆ ನೆನಪಾಗುವುದು ಏಟು ಬಿದ್ದ ಮೇಲೆ. ಅಷ್ಟು ಹೊತ್ತಿಗೆ ಒಂದು ಸರದಿ ಹೋಗಿರುತ್ತದೆ. ಇದಕ್ಕೊಂದು ಸರಳ ಮದ್ದಿದೆ: ನಡೆ ಕಳಿಸುವಾಗಲೇ ಒಂದು ಸಾಲು ಬರೆದಿಡುವುದು. ಏನು ಆಡಿದೆ ಎಂದಲ್ಲ, ಅವನು ಹೀಗೆ ಮಾಡಿದರೆ ನಾನು ಏನು ಮಾಡುತ್ತೇನೆ ಎಂದು. ಆಟ ಮುಗಿದ ಮೇಲೆ ಬಿಚ್ಚಿ ನೋಡುವಾಗ ಈ ಸಾಲುಗಳಿಗಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಯಾವ ಎಂಜಿನ್ನೂ, ಅಂದರೆ ಆಟ ಲೆಕ್ಕ ಹಾಕುವ ಯಾವ ಕಂಪ್ಯೂಟರ್ ಪ್ರೋಗ್ರಾಮೂ, ಇದನ್ನು ಕೊಡಲಾರದು.

ಎಂಜಿನ್ ಮಾತು ಬಂತು. ಆಟ ನಡೆಯುವಾಗ ಅದನ್ನು ಮುಟ್ಟಬಾರದು. ಅಂತರರಾಷ್ಟ್ರೀಯ ಅಂಚೆ ಚೆಸ್ಸಿನಲ್ಲಿ ಎಂಜಿನ್ ಬಳಕೆಗೆ ಅವಕಾಶ ಇದೆ. ಲಿಶೋಗಿಯಂಥ ಕಡೆ ಆಡುವಾಗ ಇಲ್ಲ. ಮುಗಿದ ಮೇಲೆ ಎಷ್ಟು ಬೇಕಾದರೂ ಬಳಸಿ. ಇವತ್ತಿನ ಶೋಗಿ ಎಂಜಿನ್ನುಗಳು ಮನುಷ್ಯರನ್ನು ಯಾವಾಗಲೋ ದಾಟಿವೆ. 2017ರಲ್ಲಿ ಪೊನಾಂಜಾ ಎಂಬ ಪ್ರೋಗ್ರಾಂ ಆಗ ಮೇಜಿನ್ ಎಂಬ ದೊಡ್ಡ ಬಿರುದು ಹೊಂದಿದ್ದ ಸಾತೋ ಅಮಾಹಿಕೋ ಅವರನ್ನು ಎರಡಕ್ಕೆ ಎರಡೂ ಆಟಗಳಲ್ಲಿ ಸೋಲಿಸಿತು. ಚೆಸ್ ಪ್ರಿಯರಿಗೆ ಇನ್ನೊಂದು ಸುದ್ದಿ: ಚೆಸ್ ಎಂಜಿನ್ ಸ್ಟಾಕ್‌ಫಿಶ್ 2020ರಲ್ಲಿ ಒಮ್ಮೆಗೇ ಬಲವಾದದ್ದು ಎನ್‌ಎನ್‌ಯುಇ ಎಂಬ ತಂತ್ರದಿಂದ. ಅದು ಹುಟ್ಟಿದ್ದು 2018ರಲ್ಲಿ, ಜಪಾನಿನಲ್ಲಿ, ಶೋಗಿಗಾಗಿ.

ಎಂಜಿನ್ ಕೊಡುವ ಸಂಖ್ಯೆಯನ್ನು ಓದುವುದು ಹೇಗೆ? ಹೆಚ್ಚುಕಡಿಮೆ 100 ಅಂದರೆ ಒಂದು ಕಾಲಾಳಿನಷ್ಟು ಮೇಲುಗೈ. ಅದನ್ನು ಗೆಲ್ಲುವ ಸಾಧ್ಯತೆಗೆ ತಿರುಗಿಸಲು ಶೋಗಿಯವರು ಬಳಸುವ ಒಂದು ಸೂತ್ರವಿದೆ, ಅದರಲ್ಲಿ ಸಂಖ್ಯೆಯನ್ನು 600ರಿಂದ ಭಾಗಿಸುತ್ತಾರೆ. ಅದರ ಪ್ರಕಾರ 300 ಅಂದರೆ ಸುಮಾರು 62%, 600 ಅಂದರೆ 73%, 1200 ಅಂದರೆ 88%. ಈ ಶೇಕಡಾ ಲೆಕ್ಕ ಎಂಜಿನ್ನಿನ ಎದುರು ಎಂಜಿನ್ ಆಡಿದಾಗಿನದು. ನಮ್ಮಂಥವರ ಆಟದಲ್ಲಿ 1200 ಮುಂದಿರುವವರು ಸೋಲುವುದು ದಿನನಿತ್ಯದ ಮಾತು. ಅದಕ್ಕೇ ನಾನು 300ರ ಏರಿಳಿತವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಗ್ರಾಫು ಬಂಡೆಯಿಂದ ಬಿದ್ದ ಹಾಗೆ ಇಳಿದ ಎರಡೋ ಮೂರೋ ಜಾಗ ಸಾಕು.

ಅಲ್ಲೂ ಒಂದು ಎಚ್ಚರ ಬೇಕು. ಎಂಜಿನ್ ಬೆರಳು ತೋರಿಸುವುದು ಮೇಲುಗೈ ಕೈತಪ್ಪಿದ ನಡೆಯತ್ತ. ಯೋಚನೆ ದಾರಿ ತಪ್ಪಿದ ಜಾಗ ಸಾಮಾನ್ಯವಾಗಿ ಅದಕ್ಕಿಂತ ಎರಡು, ನಾಲ್ಕು ನಡೆ ಹಿಂದೆ ಇರುತ್ತದೆ. ಇನ್ನೊಂದು, ಎಂಜಿನ್ನಿಗೆ ಸಮಯ ಕೊಡಿ. 2020ರ ಜೂನ್‌ನಲ್ಲಿ ಕಿಸೆಯ್ ಪ್ರಶಸ್ತಿಯ ಎರಡನೇ ಆಟದಲ್ಲಿ, ಆಗಿನ್ನೂ 17 ವರ್ಷದ ಫುಜಿಯಿ ಸೋತಾ ಎಂಬ ಆಟಗಾರ, ವಾತಾನಾಬೆ ಅಕಿರಾ ಅವರ ಎದುರು 3-1ರಲ್ಲಿ ಒಂದು ಬೆಳ್ಳಿ ಇಳಿಸಿದರು. ನೋಡುವವರಿಗೆ ಸುಮ್ಮನೆ ರಕ್ಷಣೆಗೆ ಇಟ್ಟ ಕಾಯಿಯಂತೆ ಕಂಡಿತು. ಒಂದು ಬಲವಾದ ಎಂಜಿನ್ ಮೊದಲು ಆ ನಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಸುಮಾರು 60 ಕೋಟಿ ಸಾಧ್ಯತೆಗಳನ್ನು ನೋಡಿದ ಮೇಲೆ ಅದನ್ನೇ ಅತ್ಯುತ್ತಮ ಎಂದಿತು ಎಂಬ ಸುದ್ದಿ ಜಪಾನಿನಲ್ಲೆಲ್ಲ ಓಡಾಡಿತು. ಮೊಬೈಲಿನಲ್ಲಿ ಎರಡು ಸೆಕೆಂಡ್ ನೋಡಿ ತೀರ್ಪು ಕೊಡುವ ನಮಗೆ ಇದು ನೆನಪಿದ್ದರೆ ಒಳ್ಳೆಯದು.

ಈಗ ನಮ್ಮ ಆಟದ ಕೊನೆಗೆ ಹೋಗೋಣ. ನಡುವಿನ ನಡೆಗಳನ್ನು ಒಂದೊಂದಾಗಿ ಹೇಳುವುದಿಲ್ಲ, ಅವುಗಳ ಕಥೆ ಒಂದೇ ಸಾಲಿನದು. ಸೆಂತೆಯ ಆನೆ ಬಡ್ತಿ ಪಡೆದು ಡ್ರ್ಯಾಗನ್ ಆಯಿತು. ಆಮೇಲೆ 1-1ರ ಈಟಿ, 1-3ರ ಕಾಲಾಳು ಅಂತ ಮೂಲೆಯಲ್ಲಿ ಬಿದ್ದದ್ದನ್ನೆಲ್ಲ ಆರಿಸುತ್ತಾ ಕೂತಿತು. ಅದರ ಗುರಿ ಇರಬೇಕಾದದ್ದು 8-2ರಲ್ಲಿ, ಅದು ಇದ್ದದ್ದು ಒಂದನೇ ಸಾಲಿನಲ್ಲಿ. ಆ ಹೊತ್ತಿಗೆ ಗೋತೆ ಒಂದು ಕಾಲಾಳನ್ನು ಬಡ್ತಿ ಮಾಡಿ ಸೆಂತೆಯ ರಾಜನ ಪಕ್ಕಕ್ಕೇ ತಂದು ನಿಲ್ಲಿಸಿತು. "ಕೊನೆಯಲ್ಲಿ ಕಾಯಿಗಿಂತ ವೇಗ ದೊಡ್ಡದು" ಅನ್ನುವುದು ಶೋಗಿಯ ಹಳೆಯ ಮಾತು. ಎಲ್ಲರಿಗೂ ಗೊತ್ತು. ಎದುರಿಗೆ ಪುಕ್ಕಟೆ ಈಟಿ ಕಂಡಾಗ ಯಾರಿಗೂ ನೆನಪಿರುವುದಿಲ್ಲ.

ಕೊನೆಯ ಚಿತ್ರ ಹೀಗಿದೆ. ಗೋತೆಯ ರಾಜ 8-2ರಲ್ಲಿ. ಬೆಳ್ಳಿ 7-2, ಕುದುರೆ 8-1, ಈಟಿ 9-1, ಕಾಲಾಳುಗಳು 8-3, 7-3 ಮತ್ತು 9-4. 6-1ರ ಚಿನ್ನ ಹೋಗಿದೆ. ಸೆಂತೆಯ ಡ್ರ್ಯಾಗನ್ ಅಂತೂ 4-1ಕ್ಕೆ ಬಂದಿದೆ, 5-1, 6-1, 7-1 ಖಾಲಿ. ಸೆಂತೆಯ ಕೈಯಲ್ಲಿ ಒಂಟೆ ಮತ್ತು ಚಿನ್ನ. ಗೋತೆಗೆ ಇನ್ನೊಂದು ಸರದಿ ಸಿಕ್ಕರೆ ಸೆಂತೆಯ ರಾಜ ಚೆಕ್‌ಮೇಟ್. ಹೀಗೆ "ಮುಂದಿನ ಸಲ ಮುಗಿಸುತ್ತೇನೆ" ಎಂದು ಹೆದರಿಸುವ ನಡೆಗೆ ತ್ಸುಮೆರೋ ಅನ್ನುತ್ತಾರೆ. ಕೊನೆಯಾಟದ ಲೆಕ್ಕವೆಲ್ಲ ಇದರ ಸುತ್ತಲೇ: ನನ್ನ ರಾಜ ಎಷ್ಟು ಸರದಿ ಬದುಕುತ್ತಾನೆ, ಅವನ ರಾಜನನ್ನು ಮುಗಿಸಲು ನನಗೆ ಎಷ್ಟು ಸರದಿ ಬೇಕು.

ಸೆಂತೆಗೆ ಮೂರು ನಡೆಯ ಚೆಕ್‌ಮೇಟ್ ಕಂಡಿತು. ಒಂಟೆಯನ್ನು 7-1ರಲ್ಲಿ ಇಳಿಸಿ ಚೆಕ್. ರಾಜ ಅದನ್ನು ತಿನ್ನುವಂತಿಲ್ಲ, ಡ್ರ್ಯಾಗನ್ ಕಾವಲಿದೆ. ಬೆಳ್ಳಿ ನೇರ ಹಿಂದಕ್ಕೆ ಬರಲಾರದು. ರಾಜನಿಗೆ 9-2 ಒಂದೇ ದಾರಿ. ಆಗ ಚಿನ್ನವನ್ನು 8-2ರಲ್ಲಿ ಇಳಿಸಿದರೆ ಮುಗಿಯಿತು. ಮಿನೋ ಕೋಟೆ ಒಡೆಯುವ ಈ ಮಾದರಿ ಪಾಠದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಸೆಂತೆ ಅದನ್ನು ಬಾಯಿಪಾಠ ಮಾಡಿರುತ್ತದೆ.

ಮುಗಿಯಲಿಲ್ಲ. ಗೋತೆಯ ರಾಜ 9-3ಕ್ಕೆ ಜಾರಿದ. ಪುಸ್ತಕದ ಚಿತ್ರದಲ್ಲಿ ಆ ಮನೆಯಲ್ಲಿ ಅವನದೇ ಕಾಲಾಳು ಕೂತಿರುತ್ತದೆ, ಹಾಗಾಗಿ ದಾರಿ ಬಂದ್. ಇಲ್ಲಿ ಆ ಕಾಲಾಳು 9-4ಕ್ಕೆ ಹೋಗಿದೆ. ಯಾವಾಗ ಹೋಯಿತು? 18ನೇ ನಡೆಯಲ್ಲಿ. ಏಕೆ ಹೋಯಿತು? 17ರಲ್ಲಿ ಸೆಂತೆ ತಾನೇ 9-6 ಕಾಲಾಳು ಆಡಿ ಕೆಣಕಿದ್ದರಿಂದ. ಗುರುತು ಹಾಕಿಡಿ ಅಂದಿದ್ದು ಇದಕ್ಕೇ. ಹಾಗಂತ 17ನೇ ನಡೆ ತಪ್ಪು ಅನ್ನಲಾಗದು. ಅಂಚಿನ ಕಾಲಾಳು ಏರಿಸಿದರೆ ಮುಂದೆ ಅಂಚಿನಿಂದಲೇ ದಾಳಿ ಮಾಡುವ ದಾರಿ ತೆರೆಯುತ್ತದೆ, ಎದುರಾಳಿಯ ರಾಜನಿಗೆ ಓಡುವ ದಾರಿಯೂ ತೆರೆಯುತ್ತದೆ. ಸೆಂತೆ ಮೊದಲನೆಯದನ್ನು ಬಳಸಲೇ ಇಲ್ಲ, ಎರಡನೆಯದನ್ನು ಮರೆತುಬಿಟ್ಟಿತು.

ಗಾಬರಿಯಲ್ಲಿ ಸೆಂತೆ ಚಿನ್ನದಿಂದ 8-3ರ ಕಾಲಾಳನ್ನು ತಿಂದು ಮತ್ತೆ ಚೆಕ್ ಕೊಟ್ಟಿತು. ಚಿನ್ನ ಸರಿದದ್ದರಿಂದ ಹಿಂದಿನ ಒಂಟೆಯ ಚೆಕ್ಕೂ ತೆರೆಯಿತು, ಎರಡೆರಡು ಚೆಕ್. ನೋಡಲು ಭಯಂಕರ. ರಾಜ ಸುಮ್ಮನೆ ಚಿನ್ನವನ್ನು ತಿಂದ. 8-3ಕ್ಕೆ ಯಾರ ಕಾವಲೂ ಇರಲಿಲ್ಲ, ಆ ಮನೆ ಒಂಟೆಯ ದಾರಿಯಲ್ಲೂ ಇರಲಿಲ್ಲ. ದಾಳಿ ಅಲ್ಲಿಗೆ ಮುಗಿಯಿತು. ಮರುನಡೆಯಲ್ಲಿ ಸೆಂತೆಯೂ ಮುಗಿಯಿತು.

ಬಿಚ್ಚಿ ನೋಡುವಾಗ ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಮಾಡಬೇಕು. ಒಂದು, 9-3ಕ್ಕೆ ರಾಜ ಬಂದ ಮೇಲೆ ಇನ್ನೇನಾದರೂ ಇತ್ತೇ? ಇತ್ತು. ಚಿನ್ನ 8-3ರ ಬದಲು 7-2ರ ಬೆಳ್ಳಿಯನ್ನು ತಿಂದಿದ್ದರೆ ಒಂಟೆಯ ಚೆಕ್ ತೆರೆಯುತ್ತಿತ್ತು, ಕೈಗೊಂದು ಬೆಳ್ಳಿಯೂ ಬರುತ್ತಿತ್ತು, ಚಿನ್ನವೂ ಉಳಿಯುತ್ತಿತ್ತು. ರಾಜ 8-4ಕ್ಕೆ ಓಡಿದರೆ 7-5ರಲ್ಲಿ ಆ ಬೆಳ್ಳಿ ಇಳಿಸಿ ಅಟ್ಟಬಹುದು, 7-6ರ ಕಾಲಾಳು ಅಲ್ಲೇ ಇದ್ದರೆ ಅದರ ಬೆಂಬಲವೂ ಸಿಗುತ್ತದೆ. ಅದು ಮುಗಿಯುತ್ತದೆಯೇ ಎಂಬುದು 8-4ರ ಸುತ್ತ ಯಾರ ಕಾಲಾಳು ಎಲ್ಲಿದೆ, ಗೋತೆ ನಡುವೆ ಇಳಿಸಲು ಏನಿಟ್ಟುಕೊಂಡಿದೆ ಎಂಬುದರ ಮೇಲೆ ನಿಂತಿದೆ. ಎರಡು ದಿನ ಇದ್ದವರಿಗೆ ಕುಳಿತು ಎಣಿಸಬಹುದಾದ ಲೆಕ್ಕ.

ಎರಡನೆಯದು ಇನ್ನೂ ಮುಖ್ಯ. ಚೆಕ್‌ಮೇಟ್ ಹುಡುಕಲೇಬೇಕಿತ್ತೇ? ಕಾಯಿಗಳಲ್ಲಿ ಸೆಂತೆ ಬಹಳ ಮುಂದಿತ್ತು. ಕೈಯಲ್ಲಿದ್ದ ಚಿನ್ನವನ್ನು ತನ್ನ ರಾಜನ ಪಕ್ಕ ಇಳಿಸಿ ಒಂದು ಸರದಿ ಉಸಿರಾಡಿಕೊಳ್ಳಬಹುದಿತ್ತು. "ಉದ್ದದ ಚೆಕ್‌ಮೇಟಿಗಿಂತ ಗಿಡ್ಡ ಹಿಸ್ಶಿ ಮೇಲು" ಎನ್ನುತ್ತಾರೆ. ಹಿಸ್ಶಿ ಅಂದರೆ ಹೇಗೆ ತಡೆದರೂ ಮುಂದಿನ ಸರದಿಗೆ ಚೆಕ್‌ಮೇಟ್ ತಪ್ಪದ ಸ್ಥಿತಿ. ಎಂಜಿನ್ನಿಗೆ 23 ನಡೆಯ ಚೆಕ್‌ಮೇಟ್ ಕಂಡರೆ ಅದು ಅದನ್ನೇ ಹೇಳುತ್ತದೆ, ಅದಕ್ಕೆ ಭಯವಿಲ್ಲ. ನಾವು ಬಿಚ್ಚಿ ನೋಡುವಾಗ ಹುಡುಕಬೇಕಾದದ್ದು ನಮ್ಮ ತಲೆಗೆ ಹಿಡಿಸುವ ಗೆಲುವನ್ನು.

ಈ ಆಟವನ್ನು ನೀವೇ ಬಿಚ್ಚುವುದಾದರೆ ನನ್ನ ಸಲಹೆ ಇಷ್ಟು. ಮೊದಲು ಎಂಜಿನ್ ಇಲ್ಲದೆ, ಸಾಧ್ಯವಾದರೆ ಎದುರಾಳಿಯ ಜೊತೆಗೇ ನೋಡಿ. ಜಪಾನಿನ ವೃತ್ತಿಪರರು ಎಂಟು ಗಂಟೆ ಆಡಿ ಸೋತ ಮೇಲೂ ಅಲ್ಲೇ ಕೂತು ಆಟವನ್ನು ಮತ್ತೆ ಜೋಡಿಸುತ್ತಾರೆ. ಅದಕ್ಕೆ ಕನ್ಸೋಸೆನ್ ಎಂದು ಹೆಸರು. ಗೆದ್ದವರು ಸೋತವರಿಗೆ ಪಾಠ ಹೇಳುವ ಸಭೆ ಅದಲ್ಲ, "ಇಲ್ಲಿ ನಾನು ಹೆದರಿದ್ದೆ" ಎಂದು ಇಬ್ಬರೂ ಬಾಯಿ ಬಿಡುವ ಹೊತ್ತು. ನಮ್ಮ ಆಟದಲ್ಲಿ ಗೆದ್ದ ಗೋತೆಗೆ ಕಲಿಯಲು ಇರುವುದು ಸೋತ ಸೆಂತೆಗಿಂತ ಜಾಸ್ತಿ. ಆಮೇಲೆ ಹಲಗೆ ತಿರುಗಿಸಿ ನೋಡಿ. ಕಾತೋ ಹಿಫುಮಿ ಎಂಬ ಹಿರಿಯ ಆಟಗಾರರಿಗೆ ಎದ್ದು ಎದುರಾಳಿಯ ಬೆನ್ನ ಹಿಂದೆ ಹೋಗಿ ಅಲ್ಲಿಂದ ಹಲಗೆ ನೋಡುವ ಅಭ್ಯಾಸವಿತ್ತು. ಅವರ ಹೆಸರಲ್ಲೇ ಅದನ್ನು ಹಿಫುಮಿನ್ ಐ ಅನ್ನುತ್ತಾರೆ. ನಮಗೆ ಒಂದು ಬಟನ್ ಒತ್ತಿದರೆ ಆಯಿತು. 32ನೇ ನಡೆಯ ಹೊತ್ತಿನಲ್ಲಿ ಸೆಂತೆಯ ಕಡೆಯಿಂದ ಹಲಗೆ ನೋಡಿದ್ದರೆ 3-5ರ ಬೆಳ್ಳಿಗೆ ಕಾವಲಿಲ್ಲ ಎಂಬುದು ಗೋತೆಗೆ ತಟ್ಟನೆ ಕಾಣುತ್ತಿತ್ತು. ಎಂಜಿನ್ ಕೊನೆಗೆ ಬರಲಿ. ಅದರ ಕೈಯಲ್ಲಿ ಬರೀ ನಡೆ ಕೇಳಬೇಡಿ. ಅದು ತೋರಿಸಿದ ನಡೆಯನ್ನು ಒಂದು ಸರದಿ ಹಿಂದಕ್ಕೆ, ಒಂದು ಸರದಿ ಮುಂದಕ್ಕೆ ಜರುಗಿಸಿ ಸಂಖ್ಯೆ ಹೇಗೆ ಬದಲಾಗುತ್ತದೆ ನೋಡಿ. 3-2 ಆನೆಯನ್ನು 26ರಲ್ಲಿ, 28ರಲ್ಲಿ, 30ರಲ್ಲಿ ಇಟ್ಟು ನೋಡಿ. ಮೂರು ಸಂಖ್ಯೆಗಳು ಪಕ್ಕಪಕ್ಕ ಬಂದಾಗ ಗೊತ್ತಾಗುವುದು ಯಾವ ವಿವರಣೆಯಿಂದಲೂ ಗೊತ್ತಾಗುವುದಿಲ್ಲ.

ಎಲ್ಲ ಮುಗಿದ ಮೇಲೆ 27ನೇ ನಡೆಯ ಸ್ಥಿತಿಯನ್ನು ಮತ್ತೆ ಹಲಗೆಯ ಮೇಲೆ ಇಟ್ಟು, ಅದೇ ಎದುರಾಳಿಯ ಜೊತೆ ಅಲ್ಲಿಂದಲೇ ಇನ್ನೊಂದು ಆಟ ಆಡಬಹುದು. ಗೋತೆ 28ರಲ್ಲಿ 3-2 ಆನೆ. ಸೆಂತೆ 3-4ರಲ್ಲಿ ತಿನ್ನಲಿ, ಬೆಳ್ಳಿ ವಾಪಸ್ ತಿನ್ನಲಿ. ಈಗ 31ರಲ್ಲಿ ಸೆಂತೆ ತನ್ನ ಆನೆಯನ್ನೂ 3-8ಕ್ಕೆ ತಂದು ಎದುರು ನಿಲ್ಲಿಸಿದರೆ, 4-5 ಕಾಲಾಳು ಈಗಲೇ ಆಡಬೇಕೋ ಇನ್ನೊಂದು ಸರದಿ ಕಾಯಬೇಕೋ ಎಂಬುದನ್ನು ಗೋತೆ ತೀರ್ಮಾನಿಸಬೇಕು.